ಹಲಸಿನ ಮರ ಕಡಿಸುವ ಮೊದಲು ತೂತು ಎಲ್ಲಿದೆ ನೋಡಿ

ಅಣ್ಣಾ, ಕೊಕ್ಕೋ ಕಾಯಿಯ ಫೋಟೋ ಹಾಕಿ "ಕೆಂಜಳಿಲು (ದೊಡ್ಡ ಕೆಂಪು ಕಾಡಳಿಲು) ಕಾಟ, ಅದು ಗೂಡು ಕಟ್ಟಿರುವ ತೋಟದ ಪಶ್ಚಿಮದ ಬದಿಯ ಹಲಸು ತೆಗೆಸ್ತೇನೆ" ಅಂದಿರಲ್ಲ, ದಯವಿಟ್ಟು ಮರ ಕಡಿಯುವವರಿಗೆ ಬರಬೇಡಿ ಅಂತ ಇವತ್ತೇ ಫೋನ್ ಮಾಡಿ. ನಿಮ್ಮ ಫೋಟೋದಲ್ಲಿ ತೂತು ತೊಟ್ಟಿನ ಹತ್ತಿರ ಇದೆ. ಅದು ಹೆಚ್ಚಾಗಿ ಇಲಿಯ ಕೆಲಸ. ಅಳಿಲು ಸಾಮಾನ್ಯವಾಗಿ ಕಾಯಿಯ ನಡುಭಾಗ ಕೊರೆಯುತ್ತದೆ.

ಖಾತ್ರಿ ಬೇಕಾದರೆ ಕತ್ತಲಾಗುವ ಹೊತ್ತಿಗೆ ಹತ್ತು ಗಿಡದ ತೂತಾದ ಕಾಯಿಗಳನ್ನೆಲ್ಲ ಕಿತ್ತುಬಿಡಿ. ಬೆಳಕು ಹರಿಯುವ ಮೊದಲೇ ಟಾರ್ಚ್ ಹಿಡಿದು ಹೋಗಿ. ಹೊಸ ತೂತು ಕಂಡರೆ ಅದು ಕೆಂಜಳಿಲಿನದ್ದಲ್ಲ. ಅದು ಹಗಲಲ್ಲಿ ಓಡಾಡಿ ರಾತ್ರಿ ಮಲಗುವ ಪ್ರಾಣಿ. ಒಂದೇ ದಿನ ನೋಡಿ ತೀರ್ಮಾನ ಮಾಡಬೇಡಿ, ನಾಲ್ಕು ದಿನ ನೋಡಿ.

ನಾನು ಇದನ್ನು ನೋಡದೆ ಅಜ್ಜ ನೆಟ್ಟ ಹಲಸು ಕಡಿಸಿದೆ. ಅದಕ್ಕೆ ಹಬ್ಬಿದ್ದ ಮೆಣಸಿನ ಬಳ್ಳಿಯೂ ಹೋಯಿತು. ಮುಂದಿನ ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲಿನ ಬಿಸಿಲು ನೇರ ಅಡಿಕೆ ಮರಕ್ಕೆ ಹೊಡೆಯಿತು. ಕಾಂಡ ಹಳದಿಯಾಗಿ, ಕಂದಾಗಿ, ಸೀಳು ಬಿಟ್ಟಿತು. ಸೋಗೆ ಕಟ್ಟಿದೆ, ಸುಣ್ಣ ಬಳಿದೆ, ತಡವಾಗಿತ್ತು. ಮಳೆಗಾಲದ ಗಾಳಿಗೆ 14 ಮರ ಮುರಿದವು. ಕೊಕ್ಕೋ ತೂತು ಮಾತ್ರ ನಿಲ್ಲಲಿಲ್ಲ! ಕೆಂಜಳಿಲು ಪಕ್ಕದ ಮರಕ್ಕೆ ಹೋಯಿತು, ಅಷ್ಟೇ. ಅದು ಒಂದೇ ಗೂಡು ನಂಬಿಕೊಂಡು ಇರುವುದಿಲ್ಲ, ನಾಲ್ಕಾರು ಮರದಲ್ಲಿ ಕಟ್ಟಿರುತ್ತದೆ. ಹಲಸಿಗೆ ಇರುವುದು ಒಂದೇ ಜಾಗ. ಅಂಥ ನೆರಳು ಮತ್ತೆ ಬೇಕಾದರೆ ಇಪ್ಪತ್ತು ವರ್ಷ ಕಾಯಬೇಕು.

ನಿಜವಾಗಿ ಕೆಂಜಳಿಲೇ ಆಗಿದ್ದರೆ ಕೊಂಬೆ ಸವರಿ ಅಂತರ ಮಾಡಿ. ಒಂದೆರಡು ಅಡಿ ಸಾಲದು, ಅದು 6 ಮೀಟರ್‌ವರೆಗೆ ಹಾರುತ್ತದೆ. ತೆಂಗಿಗೆ ತಗಡು ಸುತ್ತುವುದು ಬುಡದಿಂದ ಹತ್ತುವ ಇಲಿಗೆ ಸರಿ. ಗರಿಗೆ ಗರಿ ತಾಗುತ್ತಿದ್ದರೆ ತಗಡು ದಂಡ. ಉರುಳು, ಕೋವಿ ಮಾತ್ರ ಬೇಡವೇ ಬೇಡ. 1972ರ ವನ್ಯಜೀವಿ ಕಾಯ್ದೆಯಲ್ಲಿ ಕೆಂಜಳಿಲಿಗೆ ರಕ್ಷಣೆ ಇದೆ.

ಇಲಿಗೆ ಜಿಂಕ್ ಫಾಸ್ಫೈಡ್ ವಿಷ ತರಬೇಡಿ. ಸ್ವಲ್ಪ ತಿಂದು ಬದುಕಿದ ಇಲಿ ಮತ್ತೆ ಮುಟ್ಟುವುದಿಲ್ಲ. ರೋಬಾನ್ ಕೇಕ್ (ಬ್ರೋಮಾಡಿಯೋಲೋನ್ ಎಂಬ ಇಲಿ ವಿಷದ ಬಿಲ್ಲೆ) ವಾಸಿ, 10-12 ದಿನ ಬಿಟ್ಟು ಎರಡನೇ ಸಲ ಇಡಿ. ಆದರೆ ಕತ್ತಲಾದ ಮೇಲೆ ಇಟ್ಟು ಬೆಳಗಾಗುವ ಮೊದಲು ತೆಗೆಯಿರಿ. ಇಲ್ಲದಿದ್ದರೆ ಹಗಲಿಗೆ ಅಳಿಲು ತಿನ್ನುತ್ತದೆ. ಸತ್ತ ಇಲಿ ಹುಗಿಯಿರಿ, ಗೂಬೆ, ನಾಯಿ ತಿನ್ನಬಾರದು.

ಇನ್ನೊಂದು, ಫೋಟೋದಲ್ಲಿ ಹಳದಿಯಾದ ಕಾಯಿ ಎಷ್ಟೊಂದು ನೇತಾಡುತ್ತಿವೆ! ಯಾಕೆ ಬಿಟ್ಟಿದ್ದೀರಿ? ಹಣ್ಣಾದದ್ದಕ್ಕೇ ಇಲಿಯೂ ಅಳಿಲೂ ಮೊದಲು ಬರುವುದು. ನಾನು ಈಗ ಹತ್ತು ದಿನಕ್ಕೊಮ್ಮೆ ಕೊಯ್ಯುತ್ತೇನೆ, ಕೆಲಸದವರು ಸಿಗದಿದ್ದರೆ ಒಬ್ಬನೇ.