ಹಳೇ ಬುಲೆಟ್‌ನಲ್ಲಿ ಗೇರ್ ಬಲಗಾಲಿಗೆ ಯಾಕೆ ಇತ್ತು?

ಅದು ಇಂಗ್ಲೆಂಡಿನ ಡಿಸೈನ್, ಅದಕ್ಕೇ. ಆಗಿನ ಅಲ್ಲಿನ ಬೈಕ್‌ಗಳಾದ ಬಿಎಸ್ಎ, ನಾರ್ಟನ್, ಟ್ರಯಂಫ್, ಎಲ್ಲದರಲ್ಲೂ ಗೇರ್ ಬಲಕ್ಕೆ, ಬ್ರೇಕ್ ಎಡಕ್ಕೆ ಇರುತ್ತಿತ್ತು. 1955ರಲ್ಲಿ ಬುಲೆಟ್ ತಯಾರಿಸುವ ಎನ್‌ಫೀಲ್ಡ್ ಮದ್ರಾಸಿಗೆ ಬಂದಾಗ ಅದೇ ಎಂಜಿನ್, ಅದೇ ಗೇರ್‌ಬಾಕ್ಸ್ ಬಂತು.

ಈ ಬೈಕ್‌ಗಳಲ್ಲಿ ಎಂಜಿನ್‌ನಿಂದ ಕ್ಲಚ್‌ಗೆ ಶಕ್ತಿ ಒಯ್ಯುವ ಚೈನು ಎಡಗಡೆ ಇರುತ್ತದೆ. ಗೇರ್ ಬದಲಿಸುವ ಭಾಗಗಳು ಬಲಗಡೆಯ ಮುಚ್ಚಳದೊಳಗೆ. ಹಾಗಾಗಿ ಪೆಡಲ್ ಅಲ್ಲೇ ಕೂರಿಸುವುದು ಸುಲಭ, ನಡುವೆ ಕಡ್ಡಿ ಕೊಂಡಿ ಏನೂ ಬೇಡ. 1970ರ ದಶಕದಲ್ಲಿ ಅಮೆರಿಕ ಗೇರ್ ಎಡಕ್ಕೇ ಇರಬೇಕು ಎಂದು ನಿಯಮ ಮಾಡಿತು. ಜಗತ್ತು ನಿಧಾನವಾಗಿ ಆ ಕಡೆ ತಿರುಗಿತು. ನಮ್ಮ ಬುಲೆಟ್ ಮಾತ್ರ 2000 ದಾಟಿದ ಮೇಲೂ ಬಲಕ್ಕೇ ಇತ್ತು. ಹಳೇ ಗೇರ್‌ಬಾಕ್ಸ್‌ಗೇ ಎಡಗಡೆ ಪೆಡಲ್ ಕೊಡಲು ಅಡ್ಡಲಾಗಿ ಕೊಂಡಿ ಹಾಕಬೇಕಾಗುತ್ತಿತ್ತು. ಅದರಲ್ಲಿ ಗೇರ್ ಬಿದ್ದದ್ದು ಕಾಲಿಗೆ ಅಷ್ಟು ಸ್ಪಷ್ಟವಾಗಿ ತಿಳಿಯುವುದಿಲ್ಲ.

ಹಳೇ ನಾಲ್ಕು ಗೇರಿನ ಬುಲೆಟ್‌ನಲ್ಲಿ ಫಸ್ಟ್ ಮೇಲಕ್ಕೆ, ಉಳಿದ ಮೂರು ಕೆಳಕ್ಕೆ. ಪಕ್ಕದಲ್ಲೇ ಇನ್ನೊಂದು ಪುಟ್ಟ ಲಿವರ್. ತುಮಕೂರಿನ ಟೌನ್‌ಹಾಲ್ ಸರ್ಕಲ್‌ನಲ್ಲಿ ಸಿಗ್ನಲ್ ಬಿತ್ತು ಅಂದುಕೊಳ್ಳಿ. ಕ್ಲಚ್ ಹಿಡಿದು ಆ ಪುಟ್ಟ ಲಿವರನ್ನು ಹಿಮ್ಮಡಿಯಲ್ಲಿ ಒತ್ತಿದರೆ ಫೋರ್ತ್‌ನಿಂದಲೂ ಸೀದಾ ನ್ಯೂಟ್ರಲ್! ಫಸ್ಟ್‌ನಲ್ಲಿದ್ದರೆ ಮಾತ್ರ ಇದು ನಡೆಯಲ್ಲ. ಇಷ್ಟು ಒಳ್ಳೆ ಸೌಲಭ್ಯ ಈಗಿನ ಬೈಕ್‌ಗಳಲ್ಲಿ ಇಲ್ಲವಲ್ಲ ಅಂತ ನನಗೆ ನಿಜಕ್ಕೂ ಬೇಜಾರು.

ಹಳೇ ಗಾಡಿ ಕೊಳ್ಳುವ ಯೋಚನೆ ಇದ್ದರೆ, ಮೊದಲು ಖಾಲಿ ಮೈದಾನದಲ್ಲಿ ಓಡಿಸಿ ನೋಡಿ. ಗಾಬರಿಯಾದಾಗ ಬಲಗಾಲು ಬ್ರೇಕ್ ಅಂತ ಗೇರನ್ನೇ ತುಳಿಯುತ್ತದೆ, ಗಾಡಿ ನಿಲ್ಲುವುದಿಲ್ಲ.