ಹೂದಾನಿಯನ್ನು ತಲೆಕೆಳಗು ಮಾಡಿ

ನಮಸ್ಕಾರ,

ನೀವು ಕಳಿಸಿದ 'ಅಮೆರಿಕದ ಮೃತ್ಕಲೆ: ಒಂದು ಪಕ್ಷಿನೋಟ' ತಲುಪಿತು. ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕೋಕೆ ಆಗಲ್ಲ. ವಾಪಸ್ ಕಳಿಸಿ ಸುಮ್ಮನಾಗೋಣ ಅಂದರೆ ಅದಕ್ಕೂ ಮನಸ್ಸು ಬರುತ್ತಿಲ್ಲ.

ಕಾರಣ ನಿಮ್ಮ ಆರನೇ ಪುಟ. ಸಿನ್ಸಿನಾಟಿಯಲ್ಲಿ ತೀರಿಕೊಂಡವರೊಬ್ಬರ ಮನೆ ಸಾಮಾನು ಮಾರುತ್ತಿದ್ದರು. ಹಳೇ ಸ್ವೆಟರುಗಳ ಪಕ್ಕ ಇದ್ದ ಕಂದು ಹೂದಾನಿಯನ್ನು ನೀವು 18 ಡಾಲರಿಗೆ ಕೊಂಡಿರಿ. ಕಾರಿನಲ್ಲಿ ಕೂತು ತಿರುಗಿಸಿ ನೋಡಿದರೆ ತಳದಲ್ಲಿ ಬೆನ್ನಿಗೆ ಬೆನ್ನು ಕೊಟ್ಟ ಆರ್ ಮತ್ತು ಪಿ, ಸುತ್ತ ಒಂಬತ್ತು ಪುಟ್ಟ ಜ್ವಾಲೆಗಳು. ರೂಕ್‌ವುಡ್! ಸಿನ್ಸಿನಾಟಿಯದೇ ಹೆಸರಾಂತ ಮಡಕೆ ಕಾರ್ಖಾನೆಯ ಗುರುತು. ಲೇಖನ ಶುರುವಾಗಬೇಕಾದದ್ದು ಅಲ್ಲಿ. ಅದಕ್ಕೆ ಮುಂಚಿನ ಐದು ಪುಟ ನಾನು ಓದಿದ್ದು ಸಂಬಳಕ್ಕೆ. ಓದುಗರಿಗೆ ಆ ಸಂಬಳ ಇಲ್ಲ.

ಆ ಐದು ಪುಟದಲ್ಲಿ ತಪ್ಪೇನಿಲ್ಲ, ಆದರೆ ಮೇಷ್ಟರು ಹಾಜರಿ ಕೂಗಿದ ಹಾಗಿದೆ. 1876 ಫಿಲಡೆಲ್ಫಿಯಾ ವಸ್ತುಪ್ರದರ್ಶನ, ಆಮೇಲೆ ಮಡಕೆ ಕಾರ್ಖಾನೆಗಳು: 1880 ರೂಕ್‌ವುಡ್, 1895 ನ್ಯೂಕಾಂಬ್, 1901 ವ್ಯಾನ್ ಬ್ರಿಗಲ್. ಎಲ್ಲರೂ 'ಹಾಜರ್ ಸಾರ್' ಅಂತಾರೆ, ಯಾರ ಮುಖವೂ ಕಾಣಲ್ಲ. ಇದೇ ಸಂಗತಿಗಳನ್ನು ನಿಮ್ಮ ಹೂದಾನಿಯ ಒಳಗಿಂದ ತೆಗೆಯಿರಿ. ಅಮೆರಿಕದ ಮಡಕೆಯ ಮೇಲೆ ಜಪಾನಿನ ಗಾಳಿ ಬೀಸಿದ್ದು ಹೇಗೆ? ಮರಿಯಾ ಲಾಂಗ್‌ವರ್ತ್ ನಿಕೋಲ್ಸ್ ಫಿಲಡೆಲ್ಫಿಯಾದಲ್ಲಿ ಜಪಾನಿ ಪಿಂಗಾಣಿ ನೋಡಿ ಮರುಳಾದರು. ಅಪ್ಪ ಒಂದು ಹಳೇ ಶಾಲೆ ಕಟ್ಟಡ ಕೊಡಿಸಿದ. ಅಲ್ಲಿ ರೂಕ್‌ವುಡ್ ಶುರು ಮಾಡಿದರು. 1887ರಲ್ಲಿ ಜಪಾನಿನಿಂದಲೇ ಬಂದ ಕಟಾರೊ ಶಿರಾಯಮದಾನಿ ಅಲ್ಲಿ ಸೇರಿ, ನಡುವೆ ಕೆಲವು ವರ್ಷ ಊರಿಗೆ ಹೋಗಿದ್ದು ಬಿಟ್ಟರೆ, 1948ರವರೆಗೆ ಕುಂಚ ಹಿಡಿದರು. ಇಷ್ಟು ಸಾಕು.

ಈಗ ಒಂದು ತಪ್ಪು. ಒಂಬತ್ತು ಜ್ವಾಲೆ ಎಣಿಸಿ 1889 ಅಂತ ಬರೆದಿದ್ದೀರಿ. ಬಹುಶಃ 1880ರಿಂದ ಎಣಿಸಿದಿರಿ, ಅಲ್ವಾ? ಆರ್-ಪಿ ಗುರುತು ಬಂದದ್ದು 1886ರಲ್ಲಿ. ಮೊದಲ ಜ್ವಾಲೆ 1887ರದು. ಆಮೇಲೆ ವರ್ಷಕ್ಕೊಂದು ಸೇರುತ್ತಾ 1900ಕ್ಕೆ ಹದಿನಾಲ್ಕಾಯಿತು. ಮುಂದಿನ ವರ್ಷದಿಂದ ಕೆಳಗೆ ರೋಮನ್ ಅಂಕಿ. ಹಾಗಾಗಿ ನಿಮ್ಮದು 1895. ಇನ್ನೊಂದು ಸಲ ಬೆಳಕಿಗೆ ಹಿಡಿದು ಎಣಿಸಿ. ಹಾಗೇ ಚಿತ್ರ ಬರೆದವರ ಇನಿಶಿಯಲ್ ಎಲ್ಲಿ? ತಳದಲ್ಲಿ ಗೀರಿರುತ್ತಾರೆ. ಎಕ್ಸ್ ಗುರುತು ಉಂಟೋ? ಇದ್ದರೆ ಅದು ಆವಿಗೆಯಲ್ಲಿ ಏನೋ ಕೆಟ್ಟು ಎರಡನೇ ದರ್ಜೆಗೆ ಇಳಿದ ಮಾಲು. ಇದ್ದರೆ ಬರೆಯಿರಿ, ಮುಚ್ಚಿಡಬೇಡಿ. ನನಗಂತೂ ಅದು ಇದ್ದರೇ ಚೆನ್ನ.

ಆವಿಗೆ ಅಂದೆ. ನೀವು ಉದ್ದಕ್ಕೂ 'ಕುಲುಮೆ' ಅಂದಿದ್ದೀರಿ. ಕುಲುಮೆ ಕಮ್ಮಾರನದು, ಕುಂಬಾರನದು ಆವಿಗೆ. 'ಮೃತ್ಪಾತ್ರೆಯ ಲೇಪನಕಾಂತಿ' ಬೇಡ, ಮೆರುಗು ಅನ್ನಿ. 'ಭ್ರಮಣಚಕ್ರ' ಓದಿ ನಗು ಬಂತು, ಕ್ಷಮಿಸಿ. ತಿಗರಿ ಅನ್ನೋ ಮಾತು ಇನ್ನೂ ಬದುಕಿದೆ.

ಜಾರ್ಜ್ ಓರ್‌ನನ್ನು ಎರಡು ಸಾಲಿನಲ್ಲಿ ಮುಗಿಸಿದ್ದೀರಲ್ಲ, ಅದು ಅನ್ಯಾಯ. ಮಿಸಿಸಿಪ್ಪಿಯ ಬಿಲಾಕ್ಸಿಯ ಈ ಮೀಸೆ ಮನುಷ್ಯ ಕಾಗದದಷ್ಟು ತೆಳ್ಳಗೆ ಮಡಕೆ ಎತ್ತಿ, ಹಸಿ ಇರುವಾಗಲೇ ತಿರುಚಿ, ಮಡಚಿ, ನಜ್ಜುಗುಜ್ಜು ಮಾಡುತ್ತಿದ್ದ. 1894ರಲ್ಲಿ ಕಾರ್ಖಾನೆ ಸುಟ್ಟುಹೋಯಿತು. ಬೆಂಕಿಯಲ್ಲಿ ಕರಕಲಾದ ಮಡಕೆಗಳನ್ನು ಬಿಸಾಡದೆ 'ಸುಟ್ಟ ಮಕ್ಕಳು' ಅಂತ ಎತ್ತಿಟ್ಟುಕೊಂಡ. 1918ರಲ್ಲಿ ಸತ್ತ. ಸಾವಿರಾರು ಮಡಕೆಗಳು ಅವನ ಗಂಡುಮಕ್ಕಳ ಮೋಟಾರು ರಿಪೇರಿ ಅಂಗಡಿಯಲ್ಲಿ ದಶಕಗಟ್ಟಲೆ ಧೂಳು ತಿಂದವು. ಕೊನೆಗೆ 1970ರ ದಶಕದಲ್ಲಿ ನ್ಯೂಜೆರ್ಸಿಯ ಹಳೇ ವಸ್ತು ವ್ಯಾಪಾರಿಯೊಬ್ಬ ಅವನ್ನು ಒಟ್ಟಿಗೆ ಕೊಂಡುಹೋದ. ನೀವು ಶುರುವಿನಲ್ಲೇ ತುರುಕಿರುವ 'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಗಾದೆ ಅಲ್ಲಿಂದ ತೆಗೆಯಿರಿ. ಬೇಕೇ ಬೇಕು ಅಂದರೆ ಈ ಬೆಂಕಿಯ ಹತ್ತಿರ ಇಡಿ. ಇವನಿಗೆ ಬೇರೆಯದೇ ಲೇಖನ ಕೊಡಿ, ಅದನ್ನೂ ನಾನೇ ಕೇಳುತ್ತಿದ್ದೇನೆ.

ಇನ್ನು 'ಸಂಗ್ರಹದ ಆನಂದ ಅವರ್ಣನೀಯ' ಅನ್ನೋ ಸಾಲು. ಅವರ್ಣನೀಯವಾದರೆ ನನಗ್ಯಾಕೆ ಕಳಿಸಿದಿರಿ? ಆವರಣದಲ್ಲಿ ನಾಚಿಕೊಂಡು ಬರೆದಿದ್ದೀರಿ ನೋಡಿ: ಅಮೆರಿಕದ ರೋಸ್‌ವಿಲ್ ಕಾರ್ಖಾನೆಯದು ಅಂತ ನಂಬಿ 90 ಡಾಲರ್ ಕೊಟ್ಟ ಹೂದಾನಿ ಚೀನಾದ ನಕಲಿ ಅಂತ ಗೊತ್ತಾದದ್ದು. ತಳದಲ್ಲಿ 'ರೋಸ್‌ವಿಲ್' ಇತ್ತು, ಕೆಳಗೆ 'ಯು.ಎಸ್.ಎ.' ಇರಲಿಲ್ಲ. ಬಣ್ಣ ಮಾಸಲು, ಹೂವಿನ ಅಂಚು ಮೊಂಡು. ಅದನ್ನು ಎಸೆಯದೆ ಅಡುಗೆಮನೆಯಲ್ಲಿ ಸೌಟು ಹಾಕೋಕೆ ಇಟ್ಟುಕೊಂಡಿದ್ದೀರಿ! ಆವರಣ ಚಿಹ್ನೆ ಒಡೆದು ಒಂದಿಡೀ ಪ್ಯಾರಾ ಮಾಡಿ.

'ನಾವೂ ನಮ್ಮ ಪರಂಪರೆ ಉಳಿಸೋಣ' ಅನ್ನೋ ಕೊನೆಯ ಪುಟ ಪೂರ್ತಿ ಹೊಡೆದುಹಾಕಿದ್ದೇನೆ.

ಎರಡು ಸಾವಿರ ಪದ ಮೀರದಿರಲಿ. ಹಬ್ಬ ಕಳೆದು ಕಳಿಸಿದರೂ ಸರಿ. ಫೋಟೋ ಹೂವಿನ ಕಡೆಯದು ಬೇಡ, ತಳದ್ದು ಬೇಕು. ಪಕ್ಕದಲ್ಲಿ ಆ ಸೌಟಿನ ಹೂದಾನಿಯದ್ದೂ ಒಂದು.

ಇಂತಿ,
ಸಂಪಾದಕ