ಥಾಯ್ಲೆಂಡ್‌ಗೆ ಸೌದಿ ಪ್ರವಾಸಿಗರು ಈಚೆಗೆ ಜಾಸ್ತಿಯಾಗಿದ್ದು ಯಾಕೆ?

ಇದರ ಹಿಂದೆ ಒಂದು ಕಳ್ಳತನದ ಕಥೆಯಿದೆ. 1989ರಲ್ಲಿ ಸೌದಿ ರಾಜಕುಮಾರರೊಬ್ಬರ ಅರಮನೆಯಲ್ಲಿ ಕೆಲಸಕ್ಕಿದ್ದ ಥಾಯ್ ಆಳೊಬ್ಬ ರಾಶಿ ಒಡವೆ ಕದ್ದು ಊರಿಗೆ ಸಾಗಿಸಿದ. ಥಾಯ್ ಪೊಲೀಸರು ವಾಪಸ್ ಕೊಟ್ಟ ಒಡವೆಗಳಲ್ಲಿ ಎಷ್ಟೋ ನಕಲಿ! ಮರುವರ್ಷ ಬ್ಯಾಂಕಾಕ್‌ನಲ್ಲಿ ಸೌದಿ ರಾಜತಾಂತ್ರಿಕರ ಕೊಲೆಯೂ ಆಯಿತು. ಸಿಟ್ಟಾದ ಸೌದಿ ತನ್ನ ಜನರನ್ನು ಅಲ್ಲಿಗೆ ಹೋಗದಂತೆ ತಡೆಯಿತು. ಥಾಯ್ ಕೆಲಸಗಾರರಿಗೂ ಬಾಗಿಲು ಮುಚ್ಚಿತು. ಪಾಪ, ಯಾರದೋ ತಪ್ಪಿಗೆ ಸಾವಿರಾರು ಬಡವರ ಅನ್ನ ಹೋಯಿತು.

2022ರ ಜನವರಿಯಲ್ಲಿ ಥಾಯ್ ಪ್ರಧಾನಿ ಪ್ರಯುತ್ ರಿಯಾದ್‌ಗೆ ಹೋದರು, ರಾಜಿಯಾಯಿತು. ಬೆನ್ನಿಗೇ ನೇರ ವಿಮಾನ ಶುರುವಾಯಿತು. ಮುಖ್ಯ ಕಾರಣ ಇದೇ.

ಉಳಿದ ಕೊಲ್ಲಿ ದೇಶಗಳವರು ಮೊದಲಿಂದಲೂ ಬರುತ್ತಿದ್ದರು, ಅದರಲ್ಲೂ ಚಿಕಿತ್ಸೆಗೆ. ಬ್ಯಾಂಕಾಕ್‌ನ ಬುಮ್ರುಂಗ್‌ರಾಡ್ ಆಸ್ಪತ್ರೆಯಲ್ಲಿ ಅರಬ್ಬಿ ದುಭಾಷಿಗಳಿದ್ದಾರೆ. ಹತ್ತಿರದ ‘ನಾನಾ’ ಎಂಬ ಬಡಾವಣೆಯ ಗಲ್ಲಿಗಳಲ್ಲಿ ಅರಬ್ಬಿ ಬೋರ್ಡು, ಕೆಂಡದ ಮೇಲೆ ಕಬಾಬ್, ಅತ್ತರಿನ ಘಮ. ರೋಗಿ ಒಬ್ಬರಾದರೂ ಜೊತೆಗೆ ಮನೆಮಂದಿ ಬರುತ್ತಾರೆ, ವಾರಗಟ್ಟಲೆ ಉಳಿಯುತ್ತಾರೆ. ಹಲಾಲ್ ಊಟಕ್ಕೂ ಅಲೆಯಬೇಕಿಲ್ಲ. ಊರಲ್ಲಿ 45 ಡಿಗ್ರಿ ಬಿಸಿಲು ಸುಡುವಾಗ ಸುಮ್ನೆ ಕೂತು ಮಳೆ ನೋಡುವುದೇ ಒಂದು ಸುಖ ಅಲ್ವಾ?